ಎಲ್ಲರೂ ಒಳ್ಳೆಯ ಕೆಲಸಗಾರರೇ, ಆದರೆ ತಂಡ ಆಗುತ್ತಿಲ್ಲ. ನೀವು ಏನು ಮಾಡಿದಿರಿ?

ಕೇಳಿದವರು: ರೆಸಾರ್ಟ್ ಮ್ಯಾನೇಜರ್, ಮಡಿಕೇರಿ ಹತ್ತಿರ

ನಮಸ್ಕಾರ. ನಾಲ್ಕು ತಿಂಗಳಿಂದ ಒಂದು ಚಿಕ್ಕ ರೆಸಾರ್ಟಿನಲ್ಲಿ ಮ್ಯಾನೇಜರ್ ಆಗಿದ್ದೇನೆ. 18 ರೂಮು, 14 ಜನ ಕೆಲಸದವರು. ಒಬ್ಬೊಬ್ಬರನ್ನೇ ನೋಡಿದರೆ ಯಾರ ಮೇಲೂ ದೂರು ಹೇಳುವ ಹಾಗಿಲ್ಲ. ಒಟ್ಟಿಗೆ ಕೆಲಸ ಮಾಡಬೇಕು ಅಂದಾಗಲೇ ಎಡವಟ್ಟು.

ಹೋದ ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ. ಹೊರಗೆ ಮಳೆ. ಮೂರು ಕುಟುಂಬಗಳು ಒದ್ದೆ ಕೊಡೆ ಹಿಡಿದು ರಿಸೆಪ್ಷನ್‌ನಲ್ಲಿ ಕೂತಿದ್ದವು. ರೂಮು ರೆಡಿ ಇರಲಿಲ್ಲ. ರಿಸೆಪ್ಷನ್ ಹುಡುಗಿ "ಹೌಸ್‌ಕೀಪಿಂಗ್ ಲೇಟು" ಅಂದಳು. ಹೌಸ್‌ಕೀಪಿಂಗ್‌ನವರು "ಯಾವ ರೂಮು ಮೊದಲು ಅಂತ ಯಾರೂ ಹೇಳಲಿಲ್ಲ" ಅಂದರು. ಅಡುಗೆಮನೆಯವರಿಗೆ ಅತಿಥಿಗಳು ಬಂದದ್ದೇ ಗೊತ್ತಿರಲಿಲ್ಲ, ಒಂದು ಲೋಟ ಕಾಫಿಯೂ ಹೋಗಿರಲಿಲ್ಲ.

ಓನರ್ "ಎಲ್ಲರನ್ನೂ ಒಂದು ದಿನ ಟೀಮ್ ಟ್ರೈನಿಂಗಿಗೆ ಕಳಿಸೋಣ, ಹಗ್ಗ ಎಳೆಸುತ್ತಾರೆ, ಕೆಸರುಗದ್ದೆಯಲ್ಲಿ ಓಡಿಸುತ್ತಾರೆ" ಅನ್ನುತ್ತಿದ್ದಾರೆ. ನನಗೆ ನಂಬಿಕೆ ಇಲ್ಲ. ಡಿಸೆಂಬರ್ ರಶ್ ಬರುವ ಮೊದಲು ಸರಿ ಮಾಡಬೇಕು. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ತೋಟದ ಮ್ಯಾನೇಜರ್, ಸುಂಟಿಕೊಪ್ಪ ಕಡೆ

ನಿಮ್ಮ ಕಥೆ ಓದಿ ನಮ್ಮ ಕುಯ್ಲು ನೆನಪಾಯ್ತು. ಅರೇಬಿಕಾ ಕಾಫಿ ಹಣ್ಣನ್ನು ಕುಯ್ದ ದಿನವೇ ಪಲ್ಪರ್‌ಗೆ, ಅಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಹಾಕಬೇಕು. ರಾತ್ರಿ ಚೀಲದಲ್ಲಿಟ್ಟರೆ ಹುಳಿ ಹಿಡಿಯುತ್ತದೆ. ಹಾಗಾಗಿ ಕುಯ್ಯುವವರು, ತೂಕ ಬರೆಯುವ ರೈಟರ್, ಪಲ್ಪರ್ ಮನೆಯ ಹುಡುಗರು, ಮೂವರ ಕೆಲಸವೂ ಹೊಂದಿಕೊಂಡೇ ಹೋಗಬೇಕು.

ನಾವು ಕೆಜಿ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದೆವು. ಚೀಲ ಬೇಗ ತುಂಬುತ್ತಿತ್ತು. ಸಂಜೆ ಟಾರ್ಪಾಲ್ ಮೇಲೆ ಸುರಿದರೆ ಕೆಂಪು ಹಣ್ಣಿನ ಮಧ್ಯೆ ಹಸಿರು ಕಾಯಿ, ಎಲೆ, ಕಡ್ಡಿ. ಅದನ್ನು ಆರಿಸುತ್ತಾ ಕೂತರೆ ಕತ್ತಲಾಗುತ್ತಿತ್ತು. ಪಲ್ಪರ್ ನಿಲ್ಲುವಾಗ ರಾತ್ರಿ ಹನ್ನೊಂದು. ಪಲ್ಪರ್ ಹುಡುಗರು ಕುಯ್ಯುವವರನ್ನು ಬೈಯೋದು, ಅವರು ರೈಟರನ್ನು ಬೈಯೋದು. ನಾನೂ ಮೂರು ವರ್ಷ ಎಲ್ಲರನ್ನೂ ಬೈದೆ. ತಪ್ಪು ಇದ್ದದ್ದು ನಾನೇ ಹಾಕಿದ ಲೆಕ್ಕದಲ್ಲಿ. ಹಸಿರು ಕಾಯಿಯೂ ತೂಗುತ್ತದೆ, ಅಲ್ವಾ?

ಆಮೇಲೆ ಆರೆಂಟು ಜನರ ಗುಂಪು ಮಾಡಿದೆ. ಗಿಡದ ಹತ್ತಿರವೇ ಆರಿಸಿಕೊಂಡು ನಾಲ್ಕು ಗಂಟೆಗೆ ತೂಕಕ್ಕೆ ತಂದರೆ ಇಡೀ ಗುಂಪಿಗೆ ಕೆಜಿಗೆ ಇಷ್ಟು ಅಂತ ಜಾಸ್ತಿ. ಕೆಜಿ ಲೆಕ್ಕವನ್ನು ಪೂರ್ತಿ ಬಿಡಲಿಲ್ಲ. ಬಿಟ್ಟಿದ್ದರೆ ಮರುದಿನ ಪಕ್ಕದ ತೋಟದಲ್ಲಿ ಇರುತ್ತಿದ್ದರು.

ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದು. ಒಂದು ಸಂಜೆ ಮೇಸ್ತ್ರಿಯನ್ನೂ ಕುಯ್ಯುವ ಇಬ್ಬರು ಹೆಂಗಸರನ್ನೂ ಪಲ್ಪರ್ ಮನೆಯಲ್ಲಿ ನಿಲ್ಲಿಸಿಕೊಂಡೆ. ಹಸಿರು ಕಾಯಿ ಸಿಪ್ಪೆ ಬಿಡದೆ ಹಾಗೇ ಹೊರಗೆ ಬೀಳುವುದನ್ನು ಅವರು ನೋಡಿದ್ದು ಅದೇ ಮೊದಲು. ಹತ್ತು ವರ್ಷದಿಂದ ಕುಯ್ಯುತ್ತಿದ್ದವರು! ಒಬ್ಬರು "ಇದನ್ನು ಯಾರೂ ತೋರಿಸಲೇ ಇಲ್ಲ" ಅಂದರು. ನನಗೆ ನಾಚಿಕೆಯಾಯ್ತು.

ನಿಮ್ಮ ರಿಸೆಪ್ಷನ್ ಹುಡುಗಿಯನ್ನು ಒಂದು ಭಾನುವಾರ ಬೆಳಗ್ಗೆ ಹಾಸಿಗೆ ಬದಲಿಸುವವರ ಜೊತೆ ಕಳಿಸಿ ನೋಡಿ.

ಸ್ಟಾಫ್ ನರ್ಸ್, ವಿರಾಜಪೇಟೆ

ತೋಟದ ಅಣ್ಣ ಹೇಳಿದ್ದು ಸರಿ. ಆದರೆ ನನಗೆ ಕಾಣುವ ತೊಂದರೆ ಬೇರೆ. ನಿಮ್ಮವರು ಒಬ್ಬರಿಗೊಬ್ಬರು ಹೇಳುತ್ತಿಲ್ಲ. ಯಾಕೆ ಹೇಳುತ್ತಿಲ್ಲ ಅಂತ ನೋಡಿ.

ಏಮಿ ಎಡ್ಮಂಡ್ಸನ್ ಅನ್ನುವವರು ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮಾಡಿದ್ದನ್ನು ಮುಚ್ಚಿಡುತ್ತಿರಲಿಲ್ಲ. ಟ್ರೈನಿಂಗ್‌ನಲ್ಲಿ ಇದನ್ನು ಕೇಳಿದಾಗ ನನಗೆ ನಮ್ಮ ಹಳೆಯ ವಾರ್ಡ್ ನೆನಪಾಯ್ತು. ಅಲ್ಲಿ ರಿಜಿಸ್ಟರ್ ಯಾವಾಗಲೂ ಕ್ಲೀನು. ತಪ್ಪು ಒಪ್ಪಿಕೊಂಡವರನ್ನು ಎಲ್ಲರ ಎದುರು ನಿಲ್ಲಿಸಿ ಬೈಯುತ್ತಿದ್ದರು, ಮತ್ತೆ ಯಾರು ಬರೆಯುತ್ತಾರೆ?

ಈಗ ನಾನು ಇನ್‌ಚಾರ್ಜ್. ಡ್ಯೂಟಿ ಬದಲಾಗುವಾಗ ಹಾಸಿಗೆಯ ಹತ್ತಿರವೇ ನಿಂತು ಹೇಳಿ ಹೋಗಬೇಕು. ಡ್ರಿಪ್ ಎಷ್ಟು ಹೋಗಿದೆ, ಯಾವ ಮಾತ್ರೆ ಬಾಕಿ, ಏನು ಬಿಟ್ಟುಹೋಗಿದೆ. ಆ ಕೊನೆಯದನ್ನು ಮೊದಲ ತಿಂಗಳು ಯಾರೂ ಹೇಳಲಿಲ್ಲ. ನಾನೇ ದಿನಾ ನನ್ನದು ಹೇಳತೊಡಗಿದೆ: "ಇವತ್ತು ಎಂಟನೇ ಬೆಡ್‌ನವರ ಜ್ವರ ನೋಡೋದು ಮರೆತೆ, ಅರ್ಧ ಗಂಟೆ ತಡವಾಯ್ತು." ಆಮೇಲೆ ಒಬ್ಬೊಬ್ಬರದೇ ಬಾಯಿ ಬಿಟ್ಟಿತು.

ರಿಟೈರ್ಡ್ ಸುಬೇದಾರ್, ನಾಪೋಕ್ಲು

ಎಲ್ಲ ಒಳ್ಳೆಯದೇ ಮೇಡಂ. ಆದರೆ ಬರೀ ಮಾತಾಡುವುದರಿಂದ ಕೆಲಸ ಆಗುವುದಿಲ್ಲ. ಆ ಶನಿವಾರ ಯಾವ ರೂಮು ಮೊದಲು ಅಂತ ಹೇಳುವ ಜವಾಬ್ದಾರಿ ಯಾರದು? ಯಾರದೂ ಅಲ್ಲ. ಅದೇ ರೋಗ.

ನಮ್ಮ ಕೊಡವ ಹಾಕಿ ಹಬ್ಬ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ್ದು. ಆರಿಸಿ ತಂದ ಹನ್ನೊಂದು ಜನ ಅಲ್ಲ, ಒಂದೇ ಮನೆತನದವರು ಆಡಬೇಕು. ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ ಇರಬಹುದು. ನಮ್ಮ ಮನೆಯ ತಂಡದಲ್ಲಿ ಒಂದು ವರ್ಷ ಎಲ್ಲರಿಗೂ ಫಾರ್ವರ್ಡ್ ಆಡಬೇಕು. ಹಿಂದೆ ನಿಂತವನು ನಾನೊಬ್ಬನೇ, ಅದೂ ಮಂಡಿನೋವಿಗೆ. ಮೊದಲ ಮ್ಯಾಚಿಗೇ ಮನೆಗೆ ಬಂದೆವು. ಮರುವರ್ಷ ಅದೇ ಜನ. ನಮ್ಮ ಅಕ್ಕ ಹಾಳೆಯ ಮೇಲೆ ಯಾರು ಎಲ್ಲಿ ಅಂತ ಬರೆದು ಕೈಗೆ ಕೊಟ್ಟರು. ಗೆದ್ದೇ ಬಿಟ್ಟೆವು ಅಂತಲ್ಲ, ಎರಡು ಮ್ಯಾಚು ಜಾಸ್ತಿ ಆಡಿದೆವು.

ಬೆಳಗ್ಗೆ ಹತ್ತಕ್ಕೆ ಒಬ್ಬರು ರೂಮಿನ ಪಟ್ಟಿ ಬರೆಯಲಿ. ಆ ಒಬ್ಬರು ಯಾರು ಅಂತ ಎಲ್ಲರಿಗೂ ಗೊತ್ತಿರಲಿ. ಅವರು ಬರೆದ ಮೇಲೆ ನೀವು ಮಧ್ಯೆ ಬಾಯಿ ಹಾಕಬೇಡಿ.

ಅಡುಗೆಯವ, ಕುಶಾಲನಗರ

ಹದಿನಾಲ್ಕು ಜನ ಊಟ ಎಲ್ಲಿ ಮಾಡುತ್ತಾರೆ? ನಮ್ಮಲ್ಲಿ ಅಡುಗೆಯವರು ಒಲೆ ಪಕ್ಕ, ರೂಮ್ ಬಾಯ್‌ಗಳು ಮೆಟ್ಟಿಲ ಮೇಲೆ, ರಿಸೆಪ್ಷನ್‌ನವರು ಕೌಂಟರ್ ಹಿಂದೆ ತಿನ್ನುತ್ತಿದ್ದರು. ನಾಲ್ಕು ಗಂಟೆ ಕಾಫಿಯನ್ನಾದರೂ ಒಂದೇ ಮೇಜಿಗೆ ತನ್ನಿ. ಜೊತೆಗೆ ಏನಾದರೂ ಬಿಸಿ ಇರಲಿ, ಖಾಲಿ ಕಾಫಿಗೆ ಯಾರೂ ಬರುವುದಿಲ್ಲ.

ಮನೆಯಿಂದ ಐಟಿ ಕೆಲಸ, ಗೋಣಿಕೊಪ್ಪ

ಹಗ್ಗ ಎಳೆಯುವ ವಿಷಯ ಓದಿ ನಗು ಬಂತು. ಮ್ಯಾಕ್ಸ್ ರಿಂಗೆಲ್‌ಮನ್ ಅಂತ ಫ್ರಾನ್ಸಿನ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು, 1913ರಲ್ಲಿ ಪ್ರಕಟವಾಯ್ತು. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು! ಓನರ್‌ಗೆ ಇದನ್ನು ಹೇಳಿ, ದುಡ್ಡು ಉಳಿಯಬಹುದು.

ಗೂಗಲ್ ಕೂಡ 2012ರಲ್ಲಿ ಶುರು ಮಾಡಿ ತನ್ನದೇ 180 ತಂಡಗಳನ್ನು ಪರೀಕ್ಷೆ ಮಾಡಿತ್ತು. ತಂಡದಲ್ಲಿ ಯಾರಿದ್ದಾರೆ ಅನ್ನುವುದಕ್ಕಿಂತ ಅವರು ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದೇ ಮುಖ್ಯ ಅಂತ ಕಂಡಿತು. ನರ್ಸ್ ಅಕ್ಕ ಹೇಳಿದ್ದೂ ಅದೇ.

ನನ್ನ ಅನುಭವ ಚಿಕ್ಕದು. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ಮೊದಲೆಲ್ಲ ನಾನು ಸಿಗದಿದ್ದರೆ ಬೆಂಗಳೂರಿನ ತಂಡ ಸುಮ್ನೆ ಕೂರುತ್ತಿತ್ತು. ಈಗ ದಿನದ ಕೊನೆಗೆ ಮೂರು ಸಾಲು ಬರೆದಿಡುತ್ತೇನೆ: ಏನು ಮುಗಿಯಿತು, ಏನು ನಿಂತಿದೆ, ನಾನು ಸಿಗದಿದ್ದರೆ ಯಾರು ತೀರ್ಮಾನ ಮಾಡಬೇಕು. ಮೂರನೇ ಸಾಲೇ ಜಾಸ್ತಿ ಕೆಲಸಕ್ಕೆ ಬಂದದ್ದು.

ಕೇಳಿದವರು: ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ಆದದ್ದನ್ನು ಹೇಳುತ್ತೇನೆ.

ಸುಬೇದಾರ್ ಸರ್ ಹೇಳಿದಂತೆ ರೂಮಿನ ಪಟ್ಟಿ ಹೌಸ್‌ಕೀಪಿಂಗ್‌ನ ಹಿರಿಯ ಅಕ್ಕನ ಕೈಗೆ ಹೋಯಿತು. ಲಿನನ್ ರೂಮಿನ ಬಾಗಿಲಿಗೆ ಸ್ಲೇಟು ತೂಗುಹಾಕಿದ್ದೇವೆ. ರಿಸೆಪ್ಷನ್ ಹುಡುಗಿ ಒಂದು ಬೆಳಗ್ಗೆ ಆರು ರೂಮು ಮಾಡಿ ಬಂದಳು. ಈಗ ಬುಕ್ಕಿಂಗ್‌ನಲ್ಲಿ ಮಗು ಇದ್ದರೆ ಎಕ್ಸ್‌ಟ್ರಾ ಬೆಡ್ ಬೇಕು ಅಂತ ಹಿಂದಿನ ರಾತ್ರಿಯೇ ಅವಳೇ ಸ್ಲೇಟಿನಲ್ಲಿ ಬರೆಯುತ್ತಾಳೆ. ನಾಲ್ಕು ಗಂಟೆ ಕಾಫಿಗೆ ಅಡುಗೆಯವರು ಮಾತ್ರ ಇನ್ನೂ ಬರುತ್ತಿಲ್ಲ.

ಬೆಳಗ್ಗೆ ಸ್ಲೇಟಿನ ಮುಂದೆ ಐದು ನಿಮಿಷ ನಿಲ್ಲುತ್ತೇವೆ. ಮೊದಲ ದಿನ ನನ್ನ ತಪ್ಪು ಹೇಳಿದೆ: ಒಂದೇ ರೂಮನ್ನು ಇಬ್ಬರಿಗೆ ಕೊಟ್ಟಿದ್ದೆ. ಯಾರೂ ತುಟಿ ಬಿಚ್ಚಲಿಲ್ಲ. ಎರಡನೇ ದಿನವೂ ಅಷ್ಟೇ. ಆರನೇ ದಿನ ರೂಮ್ ಬಾಯ್ ಒಬ್ಬ ನೆಲ ನೋಡುತ್ತಾ "ಒಂಬತ್ತನೇ ರೂಮಿನ ಗೀಸರ್ ಹತ್ತು ದಿನದಿಂದ ಶಾಕ್ ಹೊಡೆಯುತ್ತಿದೆ ಸರ್" ಅಂದ. ಹತ್ತು ದಿನ! ಆ ರೂಮಿನಲ್ಲಿ ಜನ ಇದ್ದರು. ಕಿರುಚಬೇಕು ಅನ್ನಿಸಿತು, ನರ್ಸ್ ಮೇಡಂ ಮಾತು ನೆನಪಾಗಿ ತಡೆದುಕೊಂಡೆ. ಯಾಕೆ ಹೇಳಲಿಲ್ಲ ಅಂತ ಆಮೇಲೆ ಒಬ್ಬನನ್ನೇ ಕೇಳಿದೆ. ನಾನು ಬರುವ ಮೊದಲು ಒಂದು ಫ್ಲಾಸ್ಕ್ ಒಡೆದದ್ದನ್ನು ತಾನಾಗಿ ಹೇಳಿದ್ದಕ್ಕೆ ಅವನ ಸಂಬಳದಲ್ಲಿ 600 ರೂಪಾಯಿ ಹಿಡಿದಿದ್ದರಂತೆ.

ಗೀಸರ್ ಅವತ್ತೇ ಬದಲಿಸಿದೆವು. ಸಂಬಳ ಹಿಡಿಯುವುದನ್ನು ನಿಲ್ಲಿಸಿ ಅಂತ ಓನರ್ ಹತ್ತಿರ ಮಾತಾಡಿದ್ದೇನೆ. "ಡಿಸೆಂಬರ್ ಕಳೆಯಲಿ, ನೋಡೋಣ" ಅಂದಿದ್ದಾರೆ. ಹಗ್ಗ ಎಳೆಯುವ ಟ್ರೈನಿಂಗಿಗೆ ಅಡ್ವಾನ್ಸ್ ಕೊಟ್ಟಾಗಿದೆಯಂತೆ, ಮುಂದಿನ ಬುಧವಾರ ಹೋಗುತ್ತಿದ್ದೇವೆ.