ಎರಿಥ್ರೊಮೈಸಿನ್: ಕಾರ್ಬನ್ ಡೈಆಕ್ಸೈಡ್ ಸೇರಿಸಿ ಮತ್ತೆ ಬಿಡೋದು ಯಾಕೆ?

ತೋಳಹುಣಸೆ_ಮೈಕ್ರೋ:
ಎಲ್ಲರಿಗೂ ನಮಸ್ಕಾರ. ದಾವಣಗೆರೇಲಿ ಮೈಕ್ರೋಬಯಾಲಜಿ ಎಂಎಸ್ಸಿ ಮಾಡ್ತಿದೀನಿ, ಸೆಮಿನಾರ್‌ಗೆ ಎರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ತಗೊಂಡಿದೀನಿ. ಸ್ಯಾಕರೊಪಾಲಿಸ್ಪೋರಾ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ ಇದನ್ನ ಮಾಡೋಕೆ ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಖರ್ಚು ಮಾಡಿ, ಕೋಎಂಜೈಮ್ ಎ ಹೊತ್ತಿರೋ 3 ಕಾರ್ಬನ್ನಿನ ತುಂಡು ಅಂದ್ರೆ ಪ್ರೊಪಿಯೊನೈಲ್ ಕೋಎಗೆ ಕಾರ್ಬನ್ ಡೈಆಕ್ಸೈಡ್ ಸೇರಿಸಿ ಮಿಥೈಲ್‌ಮೆಲೊನೈಲ್ ಕೋಎ ಮಾಡ್ಕೊಳ್ಳುತ್ತೆ, ಆಮೇಲೆ ಬೆಳೀತಿರೋ ಕಾರ್ಬನ್ ಸರಪಳಿಗೆ ಜೋಡಿಸೋವಾಗ ಅದೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತೆ. ಹಂಗಾದ್ರೆ ಸೇರಿಸೋದಾದ್ರೂ ಯಾಕ್ರೀ? ನೇರ ಪ್ರೊಪಿಯೊನೈಲನ್ನೇ ಜೋಡಿಸಬಾರದಾ?

ದುರ್ಗದ_ಫಾರ್ಮಸಿ:
ಅದು ಹೋಗೋದ್ರಲ್ಲೇ ಐತೆ ತಮ್ಮಾ ಎಲ್ಲಾ. ಎರಡು ಕಾರ್ಬನ್ ಕೂಡಬೇಕಂದ್ರೆ ಒಂದರ ಹತ್ರ ಎಲೆಕ್ಟ್ರಾನ್ ಜಾಸ್ತಿ ಇರಬೇಕು, ಪ್ರೊಪಿಯೊನೈಲಿಂದ ಬರೀ ಹೈಡ್ರೋಜನ್ ಕಿತ್ತು ಹಂಗೆ ಮಾಡೋದು ಬಲು ಕಷ್ಟ, ಆದ್ರೆ ಕಾರ್ಬನ್ ಡೈಆಕ್ಸೈಡ್ ಕಳಚಿಕೊಂಡಾಗ ಆ ಎಲೆಕ್ಟ್ರಾನ್ ಜೋಡಿ ಅಲ್ಲೇ ಉಳೀತದೆ, ಅದು ಸರಪಳಿ ತುದೀಲಿರೋ ಥಯೋಎಸ್ಟರ್ (ಗಂಧಕಕ್ಕೆ ಅಂಟಿದ ಕಾರ್ಬನೈಲ್) ಮೇಲೆ ಬಿದ್ದು ಬಾಂಡ್ ಆಗುತ್ತೆ. ಗ್ಯಾಸ್ ಹೊರಗೆ ಹೋಗಿಬಿಡೋದ್ರಿಂದ ರಿಯಾಕ್ಷನ್ ವಾಪಸ್ ತಿರುಗಲ್ಲ. ಬಿತ್ತೋಕೆ ಮುಂಚೆ ಗೊಬ್ಬರಕ್ಕೆ ದುಡ್ಡು ಹಾಕಿದಂಗೆ ಆ ಎಟಿಪಿ. ಕಾರ್ಬನ್ ಡೈಆಕ್ಸೈಡ್ ಸೇರಿಸೋ ಕಾರ್ಬಾಕ್ಸಿಲೇಸ್ ಎಂಜೈಮಲ್ಲಿ, ಬೈಕಾರ್ಬೊನೇಟಿಂದ ಬಂದ ಕಾರ್ಬಾಕ್ಸಿಲನ್ನ ಹೊತ್ಕೊಂಡು ಹೋಗಿ ಕೂರಿಸೋದು ಬಯೋಟಿನ್, ಸೆಮಿನಾರಲ್ಲಿ ಅದನ್ನ ಬಿಡಬೇಡ.

ಇನ್ನೊಂದು, ಒಂದು ಹಾಳೇಲಿ 6-ಡಿಯಾಕ್ಸಿಎರಿಥ್ರೊನೊಲೈಡ್ ಬಿ, ಅಂದ್ರೆ ಎರಿಥ್ರೊಮೈಸಿನ್ ಆಗೋಕೆ ಮುಂಚಿನ ರಿಂಗ್ ಬರಿ. 13ನೇ ಕಾರ್ಬನ್ನಲ್ಲಿ ಇರೋ ಈಥೈಲ್ ಶುರುವಿನ ಪ್ರೊಪಿಯೊನೈಲಿಂದ ಬಂದಿದ್ದು. 2, 4, 6, 8, 10, 12ರಲ್ಲಿ ಒಂದೊಂದು ಮಿಥೈಲ್ ಐತೆ, ಅವಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕು, ಆರೂ ಮಿಥೈಲ್‌ಮೆಲೊನೈಲಿಂದ ಬಂದವು. ಶುರುವಿನ ತುಂಡು ಒಂದು, ಆಮೇಲಿನವು ಆರು, ಒಂದೊಂದ್ರಿಂದ 3 ಕಾರ್ಬನ್, ಏಳು ಮೂರಲೆ 21 ಕಾರ್ಬನ್, ಲೆಕ್ಕ ಸರಿಯಾಗುತ್ತೆ.

ಹರಿಹರದೋನು:
ಈ ಬಿಲ್ಡಿಂಗ್ ಬ್ಲಾಕ್ ಎಷ್ಟು ಮುಖ್ಯ ಅಂತ 2001ರ ಕೆಲಸ ನೋಡಿದ್ರೆ ತಿಳೀತದೆ. ವಿಜ್ಞಾನಿ ಚೈತನ್ ಖೋಸ್ಲಾ ಅವರ ಗುಂಪು ಆ ರಿಂಗ್ ಕಟ್ಟೋ 3 ದೈತ್ಯ ಪ್ರೋಟೀನನ್ನ ಇ. ಕೋಲಿ ಬ್ಯಾಕ್ಟೀರಿಯಾಗೆ ಹಾಕಿದ್ರು, ಆದ್ರೆ ಅಲ್ಲಿ ಮಿಥೈಲ್‌ಮೆಲೊನೈಲೇ ಸಿಗಲ್ವಲ್ಲ, ಅದಕ್ಕೆ ಸ್ಟ್ರೆಪ್ಟೊಮೈಸಿಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದ ಕಾರ್ಬಾಕ್ಸಿಲೇಸ್ ಜೀನೂ ತಂದು ಕೂರಿಸಿ, ಪ್ರೊಪಿಯೊನೇಟ್ ಹಾಕಿ ಬೆಳೆಸಿ, ಅದು ಪ್ರೊಪಿಯೊನೇಟ್ ತಿಂದುಹಾಕದಂಗೆ ಆ ಜೀನ್‌ಗಳನ್ನ ತೆಗೆದೇ ಬಿಟ್ರು. ಮಷೀನ್ ಒಂದೇ ಸಾಲದು, ಸರಕು ಬೇಕು.

ತೋಳಹುಣಸೆ_ಮೈಕ್ರೋ:
ಈಗ ಸ್ಪಷ್ಟ ಆಯ್ತು ಸರ್, ತುಂಬಾ ಥ್ಯಾಂಕ್ಸ್. ಮೆಡಿಕಲ್ ಶಾಪಲ್ಲಿ ಎಲ್ಲಾ ಕಡೆ ಸಿಗೋ ಅಜಿತ್ರೊಮೈಸಿನೂ ಬ್ಯಾಕ್ಟೀರಿಯಾನೇ ಮಾಡುತ್ತಾ?

ದುರ್ಗದ_ಫಾರ್ಮಸಿ:
ಇಲ್ಲಪ್ಪ, ಅದನ್ನ ಎರಿಥ್ರೊಮೈಸಿನಿಂದ ಕೆಮಿಸ್ಟ್ರಿಯಲ್ಲಿ ಮಾಡ್ತಾರೆ, 1980ರಲ್ಲಿ ಈಗಿನ ಕ್ರೊಯೇಷಿಯಾದ ಝಾಗ್ರೆಬ್‌ನ ಪ್ಲಿವಾ ಔಷಧ ಕಂಪನಿಯವ್ರು ಕಂಡುಹಿಡಿದಿದ್ದು. 14 ಪರಮಾಣುವಿನ ರಿಂಗಿಗೆ ಒಂದು ನೈಟ್ರೋಜನ್ ತೂರಿಸಿ 15 ಮಾಡ್ತಾರೆ. ಎಲ್ಲಿ ತೂರಿಸ್ತಾರೆ ನೋಡು, 9ನೇ ಕಾರ್ಬನ್ನಿನ ಕೀಟೋನ್ ಹತ್ರ, ರಿಂಗ್ ಕಟ್ಟೋ ಪ್ರೋಟೀನ್‌ಗಳ ಮೂರನೇ ಮಾಡ್ಯೂಲಲ್ಲಿ (ಒಂದೊಂದು ತುಂಡು ಜೋಡಿಸೋ ಭಾಗ) ಕೆಲಸ ಮಾಡೋ ಸ್ಥಿತಿಯ ರಿಡಕ್ಟೇಸ್ (ಕೀಟೋನನ್ನ ಆಲ್ಕೊಹಾಲ್ ಮಾಡೋ ಎಂಜೈಮ್) ಇಲ್ದೆ ಹಂಗೇ ಉಳಿದುಹೋದ ಕೀಟೋನ್ ಅದು.