ಪದಚರ್ಚೆ: ‘ಸಂತ್ರಸ್ತೆ’ ಅಂದರೆ ಯಾರು? ‘ಕೇಳಿ’ ಅಂದರೆ ಏನು?

ಎಲ್ಲರಿಗೂ ನಮಸ್ಕಾರ.

ನಾನು ಮುಧೋಳದ ಕಡೆಯವಳು. ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು, ಈಗ ಮನೆಯಲ್ಲಿದ್ದೇನೆ. ಸದ್ಯಕ್ಕೆ ಒಂದು ಪುಸ್ತಿಕೆಯನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡು ಕೂತಿದ್ದೇನೆ. 16 ಪುಟ ಅಷ್ಟೇ. ಆದರೆ ಎರಡು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ. ನಿಮ್ಮ ಸಲಹೆ ಬೇಕು.

ಪುಸ್ತಿಕೆ ಯಾರಿಗೆ ಅಂದರೆ, ಹೊಳೆ ಬಂದಾಗ ಜನರನ್ನು ಇಡುವ ಕಾಳಜಿ ಕೇಂದ್ರಗಳಲ್ಲಿ ದುಡಿಯುವ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಮತ್ತು ಸ್ವಯಂಸೇವಕರಿಗೆ. ಅಲ್ಲಿ ಒಬ್ಬ ಹೆಣ್ಣುಮಗಳು ಬಂದು ‘ನನಗೆ ಹಿಂಗಾತು’ ಅಂದರೆ ಏನು ಮಾಡಬೇಕು, ಏನು ಮಾಡಬಾರದು ಅನ್ನೋದೇ ವಿಷಯ. ಮನೆಯವನ ಹೊಡೆತವಿರಬಹುದು, ಕತ್ತಲಲ್ಲಿ ಯಾರೋ ಕೈ ಹಾಕಿದ್ದಿರಬಹುದು, ಅದಕ್ಕಿಂತ ದೊಡ್ಡದಿರಬಹುದು. ವಿಶ್ವಸಂಸ್ಥೆಯ ಅಂಗಗಳೂ ಪರಿಹಾರ ಸಂಸ್ಥೆಗಳೂ ಸೇರಿ 2015ರಲ್ಲಿ ತಂದ ಮಾರ್ಗಸೂಚಿಯಲ್ಲಿ ಒಂದು ಮಾತಿದೆ: ಪುರಾವೆ ಸಿಗಲಿ ಬಿಡಲಿ, ಇಂಥದ್ದು ನಡೆಯುತ್ತಿದೆ ಅಂತಲೇ ಇಟ್ಟುಕೊಂಡು ಮೊದಲ ದಿನದಿಂದಲೇ ಕೆಲಸ ಶುರು ಮಾಡಬೇಕು. ನಮ್ಮಲ್ಲಿ ‘ಛೇ, ನಮ್ಮೂರಾಗ ಅಂಥಾದ್ದೇನಿಲ್ರಿ’ ಅಂತ ಶುರು ಮಾಡುತ್ತೇವೆ, ಅಲ್ವಾ?

ಮೊದಲ ಪದ ‘ಸಂತ್ರಸ್ತೆ’. ದೌರ್ಜನ್ಯಕ್ಕೆ ಒಳಗಾದವಳಿಗೆ ಪೇಪರಿನವರು ಬಳಸುವುದು ಇದನ್ನೇ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ಹತ್ತಿರದ ಒಂದು ಶಾಲೆಯಲ್ಲಿ ಜನರನ್ನು ಇಟ್ಟಿದ್ದರು. ನಾನು ಅಡುಗೆಗೆ ಕೈ ಹಚ್ಚಲು ಹೋಗುತ್ತಿದ್ದೆ. ಯಾರೋ ಒಳ್ಳೆ ಮನಸ್ಸಿನವರೇ, ಡ್ರಾಯಿಂಗ್ ಶೀಟಿನ ಮೇಲೆ ‘ಸಂತ್ರಸ್ತ ಮಹಿಳೆಯರಿಗೆ ನೆರವು, ಕೊಠಡಿ ಸಂಖ್ಯೆ 4’ ಅಂತ ಬರೆದು ಬಾಗಿಲಿಗೆ ಅಂಟಿಸಿದರು. ಅವರ ತಲೆಯಲ್ಲಿದ್ದದ್ದು ದೌರ್ಜನ್ಯಕ್ಕೆ ಒಳಗಾದವರು. ಅರ್ಧ ತಾಸಿನಲ್ಲಿ ಆ ಬಾಗಿಲ ಮುಂದೆ ಅರವತ್ತು ಎಪ್ಪತ್ತು ಹೆಂಗಸರ ಪಾಳಿ! ಆಧಾರ್ ಕಾರ್ಡು, ರೇಷನ್ ಕಾರ್ಡು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು. ಸೀರೆ ಕೊಡುತ್ತಾರೆ ಅಂತ ಕೆಲವರು. ಸರ್ಕಾರ ಘೋಷಿಸಿದ್ದ 10,000 ರೂಪಾಯಿ ಇಲ್ಲೇ ಬರೆದುಕೊಳ್ಳುತ್ತಾರೆ ಅಂತ ಉಳಿದವರು. ಅವರದೇನು ತಪ್ಪು? ‘ನೆರೆ ಸಂತ್ರಸ್ತರು’ ಅಂತ ದಿನಾ ಪೇಪರಿನಲ್ಲಿ ಬರುತ್ತಿತ್ತು, ಅವರೆಲ್ಲ ಸಂತ್ರಸ್ತ ಮಹಿಳೆಯರೇ. ಸಂಜೆ ಹೊತ್ತಿಗೆ ಆ ಹಾಳೆಯ ಮತ್ತೊಂದು ಅರ್ಥ ಯಾರದೋ ಬಾಯಿಂದ ಹೊರಬಿತ್ತು. ಮರುದಿನ ಕೊಠಡಿ 4ರ ಹತ್ತಿರ ಒಂದು ನರಪಿಳ್ಳೆ ಇಲ್ಲ. ಅದರ ಪಕ್ಕದ ನಳಕ್ಕೆ ನೀರಿಗೂ ಬರಲಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಪದದ ಕತೆ ಇನ್ನೂ ಹಳೆಯದು. ಆಲಮಟ್ಟಿ ಹಿನ್ನೀರಿನಿಂದ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಿ ನವನಗರ ಎದ್ದಾಗಿನಿಂದ ‘ಮುಳುಗಡೆ ಸಂತ್ರಸ್ತರು’ ಅಂದರೆ ಪ್ಲಾಟು, ಪರಿಹಾರ, ಕೋರ್ಟು, ಕಾಗದಪತ್ರ. ‘ಅವರು ಸಂತ್ರಸ್ತರ ಪೈಕಿ ಅದಾರ್ರಿ’ ಅಂದರೆ ಇಲ್ಲಿ ಯಾರಿಗೂ ಅನುಕಂಪ ಹುಟ್ಟುವುದಿಲ್ಲ, ಯಾವ ಸೆಕ್ಟರಿನಲ್ಲಿ ಜಾಗ ಸಿಕ್ಕಿತು ಅಂತ ಕೇಳುತ್ತಾರೆ. ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸಿದರೆ ಈ ಪದಕ್ಕೆ ಇನ್ನಷ್ಟು ಗಿರಾಕಿಗಳು.

ಮೂಲ ನೋಡಿದರೆ ಸಂಸ್ಕೃತದ ‘ತ್ರಸ್’, ಹೆದರು, ನಡುಗು. ನಾವು ದಿನಾ ಆಡುವ ‘ಭಾಳ ತ್ರಾಸ ಆತು’ ಅನ್ನುವುದರ ಅಕ್ಕನ ಮಗಳೇ ಇದು. ಹಾಗೆ ನೋಡಿದರೆ ಪದದ ಹೊಟ್ಟೆಯಲ್ಲಿ ಕೆಟ್ಟದ್ದೇನಿಲ್ಲ. ಪೇಪರಿನವರು ಹಿಡಿದುಕೊಂಡದ್ದಕ್ಕೂ ಕಾರಣ ಇದೆ ಅನ್ನೋದು ನನ್ನ ಊಹೆ. ಅತ್ಯಾಚಾರಕ್ಕೆ ಒಳಗಾದವಳ ಹೆಸರು ಅಚ್ಚು ಹಾಕಬಾರದು ಅಂತ 1983ರಲ್ಲೇ ಕಾಯ್ದೆ ಬಂತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ. ಹೆಸರು ಹೋದ ಜಾಗದಲ್ಲಿ ಏನಾದರೂ ಬೇಕಲ್ಲ, ‘ಸಂತ್ರಸ್ತೆ’ ಬಂದು ಕೂತಿತು. ಠಾಣೆ, ಕೋರ್ಟಿನ ಕಾಗದದಲ್ಲಿ ಇರಲಿ. ಕಾಳಜಿ ಕೇಂದ್ರದ ಗೋಡೆಗೆ ಮಾತ್ರ ಬೇಡ.

ಉಳಿದ ಪದಗಳನ್ನೂ ತೂಗಿ ನೋಡಿದೆ. ‘ಬಲಿಪಶು’ ಅಂದರೆ ಜಾತ್ರೆಯ ಕೋಣ ಕಣ್ಣಿಗೆ ಬರುತ್ತದೆ. ಮೇಲಾಗಿ ‘ಪ್ರವಾಹಕ್ಕೆ ಇಬ್ಬರು ಬಲಿ’ ಅಂದರೆ ಸತ್ತರು ಅಂತ ಅರ್ಥ. ‘ಪೀಡಿತೆ’ ಅಂದರೆ ಹಿಂದಿ ಚಾನೆಲ್ ನೆನಪಾಗುತ್ತದೆ, ಇಲ್ಲಿ ‘ಪೀಡಾ ಹೋತು’ ಅಂತ ಯಾವಾಗ ಅನ್ನುತ್ತೇವೆ ನಿಮಗೇ ಗೊತ್ತು. ‘ಬದುಕುಳಿದವಳು’ ಅನ್ನುವುದನ್ನು ಬೆಂಗಳೂರಿನ ಗೆಳತಿಯೊಬ್ಬಳು ಗಟ್ಟಿಯಾಗಿ ಹಿಡಿದಿದ್ದಾಳೆ. ಹೆಣ್ಣನ್ನು ಸೋತವಳು ಅಂತ ತೋರಿಸುವುದಿಲ್ಲ ಅನ್ನುವ ಅವಳ ವಾದ ಸರಿಯೇ. ಆದರೆ ಹೊಳೆ ಊರಲ್ಲಿ ಬದುಕುಳಿದವರು ಅಂದರೆ ಬೋಟಿನಲ್ಲಿ ಎತ್ತಿಕೊಂಡು ಬಂದವರು! ಮತ್ತೆ ಅದೇ ಪಾಳಿ. ‘ನೊಂದ ಮಹಿಳೆ’ ವಾಸಿ. ಸಾಂತ್ವನ ಕೇಂದ್ರಗಳ ಬರಹದಲ್ಲಿ ಇದ್ದು ಇದ್ದು ಪಳಗಿದೆ. ನನಗೆ ಇದರ ಮೇಲೆ ಒಂದೇ ಸಿಟ್ಟು, ಅವಳನ್ನು ನೋವಿನಲ್ಲೇ ಕೂರಿಸಿಬಿಡುತ್ತದೆ.

ಇಂಥ ದೌರ್ಜನ್ಯಕ್ಕೆಲ್ಲ ಸೇರಿಸಿ ಹೇಳುವ ‘ಲಿಂಗಾಧಾರಿತ ದೌರ್ಜನ್ಯ’ದ ಮೊದಲರ್ಧವನ್ನಂತೂ ಕೈಬಿಟ್ಟೆ. ಕೂಡಲಸಂಗಮದ ಜಿಲ್ಲೆ ನಮ್ಮದು. ಓದಿ ಹೇಳಿದಾಗ ಒಬ್ಬ ಅಜ್ಜಿ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ ಮುಟ್ಟಿಕೊಂಡು ‘ಲಿಂಗಕ್ಕ ಏನ್ ಮಾಡ್ಯಾರವಾ?’ ಅಂತ ಕೇಳಿದರು.

ಇನ್ನು ಎರಡನೆಯದು. ನನಗೆ ಜಾಸ್ತಿ ನಿದ್ದೆಗೆಡಿಸಿದ್ದು ಇದೇ.

ಪರಿಣತರು ಹತ್ತಿರ ಇಲ್ಲದ ಕಡೆ ಸಾಮಾನ್ಯ ಕಾರ್ಯಕರ್ತರು ಹೇಗೆ ನಡೆದುಕೊಳ್ಳಬೇಕು ಅಂತ 2018ರಲ್ಲಿ ಒಂದು ಪುಟ್ಟ ಕೈಪಿಡಿ ಬಂತು. ಅದರ ಬೆನ್ನೆಲುಬು ಮೂರು ಮಾತು. ನೇರವಾಗಿ ತಂದರೆ ‘ನೋಡಿ, ಕೇಳಿ, ಜೋಡಿಸಿ’. ಚೆಂದ ಇದೆ ಅಂತ ಹಾಗೇ ಬರೆದು ಹತ್ತು ಜನ ಕಾರ್ಯಕರ್ತೆಯರ ಮುಂದೆ ಓದಿದೆ. ಆಮೇಲೆ ಇಬ್ಬರನ್ನು ಎದುರುಬದುರು ಕೂರಿಸಿದೆ. ಒಬ್ಬಳು ಬಂದು ಹೇಳುವವಳು, ಇನ್ನೊಬ್ಬಳು ಕಾರ್ಯಕರ್ತೆ. ಬಂದವಳು ‘ಅಕ್ಕಾರ, ನಿನ್ನೆ ರಾತ್ರಿ ಸಂಡಾಸಕ್ಕ ಹೋದಾಗ...’ ಅಂದಳೋ ಇಲ್ಲವೋ, ಕಾರ್ಯಕರ್ತೆ ಶುರು ಮಾಡಿದಳು. ‘ಎಷ್ಟೊತ್ತಿಗೆ? ಒಬ್ಬಾಕಿನ ಯಾಕ ಹೋಗಿದ್ದಿ? ಯಾರಂವ, ನಮ್ಮ ಓಣ್ಯಾಂವ ಏನು?’

ನಾನು ತಡೆದು, ಕೇಳಿ ಅಂತಲ್ವಾ ಬರೆದಿರೋದು ಅಂದೆ.

‘ಹೂನ್ರಿ ಅಕ್ಕಾರ, ಅದಕ್ಕ ಕೇಳಾಕತ್ತೇನಿ’ ಅಂದಳು.

ಅವಳು ನೂರಕ್ಕೆ ನೂರು ಸರಿ. ಕನ್ನಡದಲ್ಲಿ ಕಿವಿಯಿಂದ ಮಾಡುವುದೂ ಕೇಳುವುದೇ, ಬಾಯಿಂದ ಮಾಡುವುದೂ ಕೇಳುವುದೇ. ‘ಹಾಡು ಕೇಳು’, ‘ಲೆಕ್ಕ ಕೇಳು’. ಕೈಪಿಡಿ ಹೇಳುವುದು ಪೂರಾ ಉಲ್ಟಾ: ಅವಳು ಎಷ್ಟು ಹೇಳುತ್ತಾಳೋ ಅಷ್ಟಕ್ಕೆ ಕಿವಿಗೊಡು, ವಿವರ ಕೆದಕಬೇಡ, ಏನು ಬೇಕಾಗಿದೆ ಅನ್ನುವುದನ್ನಷ್ಟೇ ವಿಚಾರಿಸು. ಯಾರಿಗೆ ಹೀಗಾಗಿದೆ ಅಂತ ಹುಡುಕಿಕೊಂಡೂ ಹೋಗಬೇಡ. ನಾವು ಅರ್ಥಕೋಶದಲ್ಲಿ ಒಂದೇ ನಮೂದಿನ ಕೆಳಗೆ ಹಾಕುವ ಎರಡು ಅರ್ಥಗಳ ನಡುವೆ ಒಬ್ಬ ಹೆಣ್ಣುಮಗಳು ಬಾಯಿ ತೆರೆಯುವುದೋ ಮುಚ್ಚುವುದೋ ನಿಂತಿದೆ ಅಂತ ಇಷ್ಟು ವರ್ಷ ಪಾಠ ಹೇಳಿದರೂ ಹೊಳೆದಿರಲಿಲ್ಲ. ‘ಆಲಿಸಿ’ ಹಾಕಿದೆ, ರೇಡಿಯೋ ನೆನಪಾಯಿತು ಅಂತ ನಕ್ಕರು. ಈಗ ‘ಕೇಳಿಸಿಕೊಳ್ಳಿ’ ಅಂತ ಇಟ್ಟಿದ್ದೇನೆ. ಕೆಳಗೆ ಸಣ್ಣಕ್ಷರದಲ್ಲಿ ‘ಕೇಳಿಸಿಕೊಳ್ಳಿ, ಕೇಳಬೇಡಿ’. ಇದು ಆ ಹತ್ತು ಜನಕ್ಕೂ ತಟ್ಟನೆ ಹತ್ತಿತು.

‘ಜೋಡಿಸಿ’ ಕೂಡ ಹೋಯಿತು. ಅದನ್ನು ಅವರು ಗಂಡ-ಹೆಂಡತಿಯನ್ನು ಕೂಡಿಸಿ ಕಳಿಸುವುದು ಅಂತ ತಿಳಿದರು. ರಾಜಿ ಪಂಚಾಯ್ತಿ ಮಾಡಲೇಬಾರದು ಅಂತ ಮುಂದಿನ ಪುಟದಲ್ಲಿದೆ! ಈಗ ‘ದಾರಿ ತೋರಿಸಿ’ ಅಂತಿದೆ. 181 ಮಹಿಳಾ ಸಹಾಯವಾಣಿ, ಸಖಿ ಕೇಂದ್ರ (ನೊಂದ ಹೆಣ್ಣುಮಕ್ಕಳಿಗೆ ಎಲ್ಲ ನೆರವೂ ಒಂದೇ ಕಡೆ ಸಿಗುವ ಸರ್ಕಾರಿ ಕೇಂದ್ರ), ಆಸ್ಪತ್ರೆ. ಅತ್ಯಾಚಾರವಾಗಿದ್ದರೆ ಎಚ್‌ಐವಿ ತಡೆಯುವ ಔಷಧಿ 72 ತಾಸಿನೊಳಗೆ ಶುರುವಾಗಬೇಕು, ಬಸಿರು ತಡೆಯುವ ಗುಳಿಗೆ 120 ತಾಸಿನೊಳಗೆ, ಎರಡೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ದಕ್ಷಿಣದವರು ‘ಗಂಟೆ’ ಅನ್ನಿ ಅನ್ನಬಹುದು, ನಮ್ಮಲ್ಲಿ ತಾಸೇ ನಡೆಯುವುದು. ‘ಮೂರು ದಿನ’ ಅಂತ ಬರೆದರೆ ಸೋಮವಾರ ರಾತ್ರಿಯದನ್ನು ಒಬ್ಬೊಬ್ಬರು ಒಂದೊಂದು ಥರ ಎಣಿಸುತ್ತಾರೆ.

ಗುಟ್ಟು ಕಾಯುವ ಮಾತಿಗೆ ‘ಗೌಪ್ಯತೆ’ ಬೇಡ ಅಂತ ‘ಹೊಟ್ಯಾಗ ಇಟ್ಕೊಂತೀನಿ’ ಅಂತ ಬರೆದಿದ್ದೆ. ಒಬ್ಬಳು ಎಚ್ಚರಿಸಿದಳು: ಹಿರಿಯರು ಹೊಡೆಸಿಕೊಂಡು ಬಂದವಳಿಗೆ ಹೇಳುವುದು ‘ಹೊಟ್ಯಾಗ ಹಾಕ್ಕೋವಾ’ ಅಂತ. ಒಂದು ಇಟ್ಟುಕೊಳ್ಳುವುದು, ಒಂದು ಹಾಕಿಕೊಳ್ಳುವುದು. ಒಂದರಲ್ಲಿ ಹೊಟ್ಟೆ ನನ್ನದು, ಇನ್ನೊಂದರಲ್ಲಿ ಅವಳದು. ಅದೂ ಅಲ್ಲದೆ ‘ಯಾರಿಗೂ ಹೇಳೂದಿಲ್ಲ’ ಅಂತ ಪೂರ್ತಿ ಮಾತು ಕೊಡಲಿಕ್ಕೂ ಆಗದು. 18 ತುಂಬದ ಹುಡುಗಿಯಾದರೆ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಅತ್ಯಾಚಾರವಾದರೆ ಆಸ್ಪತ್ರೆ ಬಿಟ್ಟಿ ಚಿಕಿತ್ಸೆ ಕೊಡಬೇಕು, ಜೊತೆಗೆ ಪೊಲೀಸರಿಗೂ ಹೇಳಬೇಕು. ಇದನ್ನು ಅವಳು ಬಾಯಿ ಬಿಡುವ ಮೊದಲೇ ತಿಳಿಸಬೇಕು. ಆ ವಾಕ್ಯ ಇನ್ನೂ ಖಾಲಿ ಬಿಟ್ಟಿದ್ದೇನೆ.

ಈಗ ನನ್ನ ಪ್ರಶ್ನೆ. ‘ಸಂತ್ರಸ್ತೆ’ಯ ಬದಲು ಪುಸ್ತಿಕೆಯಲ್ಲೆಲ್ಲ ‘ಹೇಳಿಕೊಂಡವಳು’ ಅಂತ ಬಳಸಿದರೆ ಹೇಗೆ? ಅದೇ ಹತ್ತು ಜನರಲ್ಲಿ ಒಬ್ಬಳು ‘ಹೇಳಾಕ ಬಂದಾಕಿ’ ಅಂದಳು, ಅದನ್ನು ಸ್ವಲ್ಪ ತಿದ್ದಿದ್ದು. ಹುಡುಕಿಕೊಂಡು ಹೋಗಬಾರದು ಅಂದಮೇಲೆ ನಮಗೆ ಸಂಬಂಧ ಬರುವುದು ತಾನಾಗಿ ಹೇಳಿಕೊಂಡವಳೇ. ಅತ್ತ ಹೇಳಿಕೊಂಡವಳು, ಇತ್ತ ಕೇಳಿಸಿಕೊಂಡವಳು, ಕಿವಿಗೂ ಹಿತ. ಒಂದೇ ಅಳುಕು. ಪೇಪರಿನಲ್ಲಿ ‘ಹಾಗಂತ ಹೇಳಿಕೊಂಡಿದ್ದಾನೆ’ ಅಂತ ಬರೆದರೆ ‘ಅವನ ಮಾತು, ನಂಬೋದು ನಿಮಗೆ ಬಿಟ್ಟದ್ದು’ ಅನ್ನುವ ವಾಸನೆ ಬರುತ್ತದಲ್ಲ. ‘ಹೇಳಿಕೊಂಡವಳು’ ಅಂದಾಗ ಆ ವಾಸನೆ ಮೈಸೂರು, ಮಂಗಳೂರು ಕಡೆಯವರಿಗೆ ಬಡಿಯುತ್ತಾ? ವಿಜಯಪುರ, ಬೆಳಗಾವಿಯವರಿಗೆ? ಜೂನ್ ಮೊದಲ ವಾರ ಪ್ರಿಂಟಿಗೆ ಕೊಡಬೇಕು, ಅದರೊಳಗೆ ಹೇಳಿ.