ಐದು ಕಂತು ರೆಡಿ ಇದೆ, ತಗೊಳ್ಳೋರಿಲ್ಲ. ಯೂಟ್ಯೂಬ್‌ಗೆ ಹಾಕಿಬಿಡಲಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಾವು ಏಳು ಜನ ಗೆಳೆಯರು ಸೇರಿ ಒಂದು ವೆಬ್ ಸರಣಿ ಮಾಡಿದ್ದೇವೆ. ಐದು ಕಂತು, ಒಂದೊಂದೂ 22 ನಿಮಿಷ. ಅಡಿಕೆ ಕೊಯ್ಲಿನ ದಿನಗಳಲ್ಲಿ ಒಂದೇ ಮನೆಯೊಳಗೆ ನಡೆಯುವ ಕಥೆ. ಅಡಿಕೆ ಸುಲಿಯುವ ಸೀನನ್ನು ಲೈವ್ ಸೌಂಡಲ್ಲೇ ತೆಗೆದೆವು. ರಾತ್ರಿ ಹತ್ತು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾ ಮಾತಾಡುವ ಆ ಸದ್ದು ಡಬ್ಬಿಂಗಲ್ಲಿ ಬರುವುದಿಲ್ಲ.

ಖರ್ಚು 11 ಲಕ್ಷ. ಅದರಲ್ಲಿ ನಾಲ್ಕು ಲಕ್ಷ ನಾನು ಮಾಡಿದ ಸಾಲ. ಒಂದು ಒಟಿಟಿಯವರು ಮೂರು ತಿಂಗಳು ಲಿಂಕ್ ಇಟ್ಟುಕೊಂಡು, ಕೊನೆಗೆ "ಗೊತ್ತಿರೋ ಮುಖ ಯಾರಿದ್ದಾರೆ?" ಅಂತ ಕೇಳಿ ಸುಮ್ಮನಾದರು. ಚಾನೆಲ್‌ಗಳಿಗೆ ದಿನಕ್ಕೊಂದು ಕಂತು ಬೇಕು. ನಮ್ಮದು ಒಂದು ವಾರಕ್ಕೇ ಮುಗಿದುಹೋಗುತ್ತದೆ. ಇನ್ನೂ ಕಾಯಬೇಕಾ?

ಕುಂದಾಪ್ರದವ:
ಮುಖದ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. 'ಏಕಂ' ವೆಬ್ ಸರಣಿ ನೆನಪಿದೆ ಅಲ್ವಾ? ನಮ್ಮ ಕರಾವಳಿಯ ಏಳು ಕಥೆ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ನಟಿಸಿದ್ದರು, ಬೆನ್ನಿಗೆ ರಕ್ಷಿತ್ ಶೆಟ್ಟಿ ಇದ್ದರು. 2021ರಲ್ಲೇ ಕೆಲಸ ಮುಗಿದಿತ್ತು. ಆದರೂ ಯಾವ ಒಟಿಟಿಯೂ ತಗೊಳ್ಳಲಿಲ್ಲ. 2024ರ ಜುಲೈನಲ್ಲಿ ಅದಕ್ಕಾಗಿಯೇ ವೆಬ್‌ಸೈಟ್ ಮಾಡಿ, 149 ರೂಪಾಯಿ ಇಟ್ಟು ಬಿಡುಗಡೆ ಮಾಡಿದರು. ನಾನೂ ದುಡ್ಡು ಕೊಟ್ಟು ನೋಡಿದೆ. ಆದರೆ ಅಂಥ ಸೈಟಿಗೆ ಜನರನ್ನು ಕರೆತರಲು ಅವರಿಗೆ ಹೆಸರಿತ್ತು. ನಿಮಗೆ ಆ ದಾರಿ ಕಷ್ಟ.

ಸೌಂಡ್ ರೂಮ್:
ನಾನು ಮಿಕ್ಸಿಂಗ್ ಮಾಡುವವನು. ಅವಸರ ಮಾಡಬೇಡಿ ಅಣ್ಣ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ನಿಮ್ಮದು ಒಟ್ಟು 110 ನಿಮಿಷ. ಅಂದರೆ ಸುಮಾರು 2,200 ಜನ ಐದೂ ಕಂತು ಪೂರ್ತಿ ನೋಡಬೇಕು. ಅದು ಬರೀ ಬಾಗಿಲು ತೆಗೆಯಲಿಕ್ಕೆ, ಸಾಲ ತೀರಿಸಲಿಕ್ಕಲ್ಲ. ಒಮ್ಮೆ ಪುಕ್ಕಟೆ ಹಾಕಿದ್ದನ್ನು ಆಮೇಲೆ ದುಡ್ಡು ಕೊಟ್ಟು ಕೊಳ್ಳುವವರೂ ಕಮ್ಮಿ.

ಅದಕ್ಕಿಂತ ಮೊದಲು ಎರಡು ವಿಷಯ ಹೇಳಿ. ಮಾತು, ಮ್ಯೂಸಿಕ್, ಎಫೆಕ್ಟ್ಸ್ ಬೇರೆ ಬೇರೆ ಟ್ರ್ಯಾಕಲ್ಲಿ ಇವೆಯಾ? ಇಲ್ಲದಿದ್ದರೆ ತೆಲುಗಿಗೋ ಮಲಯಾಳಕ್ಕೋ ಡಬ್ ಮಾಡಲು ಆಗುವುದಿಲ್ಲ. ಮೆಟ್ಟುಗತ್ತಿ ಸದ್ದು ಮಾತಿನ ಜೊತೆ ಅಂಟಿಕೊಂಡಿದ್ದರೆ, ಅದೇ ಕತ್ತಿ, ಅದೇ ಜಗಲಿಯಲ್ಲಿ ಮಾತಿಲ್ಲದೆ ಅಡಿಕೆ ಸುಲಿಯುವುದನ್ನು ಒಂದು ಗಂಟೆ ರೆಕಾರ್ಡ್ ಮಾಡಿಕೊಳ್ಳಿ, ಡಬ್ ಮಾಡುವಾಗ ಆ ಸದ್ದು ಹಾಕಬಹುದು. ಇನ್ನೊಂದು, ನಟಿಸಿದವರೆಲ್ಲರ ಒಪ್ಪಿಗೆ ಪತ್ರ. ನನಗೆ ಗೊತ್ತಿರುವ ಒಂದು ಸರಣಿಯ ಮಾರಾಟ ಒಂದೇ ಒಂದು ಸಹಿ ಇಲ್ಲದೆ ನಿಂತುಹೋಯಿತು.

ತುಂಗಾತೀರ:
ಪತ್ರ ಯಾರದ್ದೂ ಮಾಡಿಸಿಲ್ಲ. ಎಲ್ಲ ನಮ್ಮೂರಿನವರೇ, ಬಾಯಿಮಾತಲ್ಲೇ ಆಗಿತ್ತು. ಟ್ರ್ಯಾಕ್‌ಗಳೂ ಬೇರೆ ಇಲ್ಲ. ಯೂಟ್ಯೂಬ್ ಸದ್ಯಕ್ಕೆ ಬೇಡ. ಅಜ್ಜಿ ಪಾತ್ರ ಮಾಡಿದವರಿಗೆ 78 ವರ್ಷ, ನಾಳೆ ಮೊದಲು ಅವರ ಮನೆಗೇ ಹೋಗುತ್ತೇನೆ. ಮೆಟ್ಟುಗತ್ತಿಯೂ ಅವರದ್ದೇ. ರೆಕಾರ್ಡರ್ ಜೊತೆಗೇ ತಗೊಂಡು ಹೋಗುತ್ತೇನೆ.